ಬುಗುಟಿಗೆ ಮೂರು ಕಾರಣ

ಮಾರ್ಚ್ ೨, ಭಾನುವಾರ

ಬಿದ್ದೆ. ರಜಾಯಿಯ ಗವಸಿನೊಳಗೆ ಬಿದ್ದೆ. ಇದನ್ನು ಇಲ್ಲಿ ಮಾತ್ರ ಬರೆಯಬಹುದು, ಇನ್ನೊಬ್ಬರೆದುರು ಬಾಯಿಬಿಟ್ಟು ಹೇಳುವಂಥದ್ದಲ್ಲ.

ಒಗೆದ ಗವಸಿಗೆ ರಜಾಯಿ ತುಂಬುವುದು ನನ್ನಂಥ ಕುಳ್ಳಿಗೆ ಹೊರಗೆ ನಿಂತು ಮಾಡುವ ಕೆಲಸವಲ್ಲ. ಮೂಲೆಗೆ ಮೂಲೆ ಕೂಡಬೇಕಾದರೆ ನಾನೇ ಒಳಗೆ ನುಗ್ಗಬೇಕು. ನುಗ್ಗಿದೆ. ಎಡಮೂಲೆ ಸಿಕ್ಕಿತು. ಬಲಮೂಲೆ ಹುಡುಕುತ್ತಾ ಹೋದವಳಿಗೆ ಬಂದ ದಾರಿ ತಪ್ಪಿತು. ಎತ್ತ ತಿರುಗಿದರೂ ಹೂಹೂವಿನ ಬಟ್ಟೆ. ಗಿರಗಿರ ಸುತ್ತಿದೆ, ರಜಾಯಿ ಕಾಲಿಗೆ ತೊಡರಿಕೊಂಡಿತು, ಮಂಚದ ತಲೆದೆಸೆಯ ಮರದ ಗುಂಡಿಗೆ ಎಡಗೆನ್ನೆ ದಪ್ಪನೆ ಬಡಿಯಿತು.

ಇವರು ಅಡುಗೆಮನೆಯಿಂದ ಓಡಿ ಬಂದರು. ಗವಸಿನ ಬಾಯಿ ಯಾವ ಕಡೆಗಿದೆ ಎಂದು ಹುಡುಕುತ್ತಾ ನನ್ನನ್ನು ಒಂದು ಸುತ್ತು ಉರುಳಿಸಿ, "ಕ್ಷಮಿಸು, ಇದು ಕಾಲು ಅನ್ಸುತ್ತೆ" ಎಂದರು. ನಾನು ಒಳಗಿನಿಂದಲೇ "ಪರವಾಗಿಲ್ಲ" ಎಂದೆ.

ಹೊರಗೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಏನೇ ಇದು, ಕೆನ್ನೆ ಮೇಲೆ ಇನ್ನೊಂದು ಕೆನ್ನೆ ಬಂದಿದೆ!"

ನಿಂಬೆಹಣ್ಣಿನ ಗಾತ್ರದ ಬುಗುಟು. ಗಾಳಿ ತಗುಲಿದರೂ ಜೀವ ಹೋದ ಹಾಗಾಗುತ್ತದೆ. ಅತ್ತೆ ಬಿಸಿ ಶಾಖ ಕೊಡಬೇಕೆಂದರು, ಇವರು ಮಂಜುಗಡ್ಡೆ ಇಡಬೇಕೆಂದರು. ಇಬ್ಬರಿಗೂ ಬೇಜಾರಾಗದಿರಲಿ ಎಂದು ಎರಡನ್ನೂ ಇಟ್ಟುಕೊಂಡೆ. ಇನ್ನಷ್ಟು ಊದಿದೆ.

ಮಾರ್ಚ್ ೩, ಸೋಮವಾರ

ಬುಗುಟು ಎದ್ದಿರುವುದು ಸರಿಯಾಗಿ ಕನ್ನಡಕದ ಅಂಚು ಕೂರುವ ಜಾಗದಲ್ಲಿ. ಹಾಕಿಕೊಂಡರೆ ಕಣ್ಣಲ್ಲಿ ನೀರು, ತೆಗೆದರೆ ಲೋಕವೆಲ್ಲ ಮಸಕು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳೇ ಹೀಗೆ ಗೋಡೆ ಸವರಿಕೊಂಡು ಓಡಾಡಿದರೆ ಗಿರಾಕಿಗಳಿಗೆ ನಂಬಿಕೆ ಎಲ್ಲಿಂದ ಬರಬೇಕು?

ಬೆಳಿಗ್ಗೆ ಒಬ್ಬ ಅಜ್ಜಿಗೆ ಹೊಸ ಕನ್ನಡಕ ತೊಡಿಸುತ್ತಿದ್ದೆ. ಕಡ್ಡಿಗಳನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸಿ ಕಿವಿಯ ಹಿಂದೆ ಕೂರಿಸುವಾಗ ನನ್ನ ಮುಖ ಅವರ ಮುಖಕ್ಕೆ ಒಂದು ಗೇಣಷ್ಟೇ ದೂರ.

"ಈಗ ಕಾಣುತ್ತಾ ಅಜ್ಜಿ?"

"ಚೆನ್ನಾಗಿ ಕಾಣುತ್ತಮ್ಮ. ನಿನ್ನ ಗಂಡ ಹೊಡೆದಿರೋದು ಎಷ್ಟು ಸ್ಪಷ್ಟವಾಗಿ ಕಾಣುತ್ತೆ!"

ಅಂಗಡಿಯ ಯಜಮಾನರು ತಲೆಯೆತ್ತಿ ನೋಡಿದರು. "ಏನಾಯ್ತಮ್ಮಾ?" ಎಂದರು. ರಜಾಯಿ, ಗವಸು, ದಾರಿ ತಪ್ಪಿದ್ದು, ಇದನ್ನೆಲ್ಲ ಆ ಗಂಭೀರ ಮನುಷ್ಯನಿಗೆ ಹೇಗೆ ಹೇಳಲಿ? "ಬಾಗಿಲು ತಗುಲಿತು ಸಾರ್" ಎಂದೆ. ಅವರು ಅಂಗಡಿಯ ಬಾಗಿಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

ಸಂಜೆ ಮೆಟ್ಟಿಲಲ್ಲಿ ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಯವರು ಎದುರಾದರು. ನಮ್ಮ ಮೇಲಿನ ಮನೆಯವರೇ. ಎಷ್ಟು ಸಭ್ಯರೆಂದರೆ ಬೀದಿನಾಯಿಗೂ ದಾರಿ ಬಿಡುವಂಥವರು. ಅವರೂ ಅದನ್ನೇ ಕೇಳಿದರು. ಆಗ ನಿಂತಿದ್ದದ್ದು ಮೆಟ್ಟಿಲ ಮೇಲಾದ್ದರಿಂದ "ಮೆಟ್ಟಿಲು ಜಾರಿತು" ಎಂದುಬಿಟ್ಟೆ. ನಾಳೆಯೇ ಮೆಟ್ಟಿಲು ಪರೀಕ್ಷೆ ಮಾಡಿಸುತ್ತೇನೆ ಎಂದು ಮಾತು ಕೊಟ್ಟರು. ಅವರ ಹಿಂದೆ ಅವರ ಹೆಂಡತಿ ಕೈಚೀಲ ಹಿಡಿದು ನಿಂತಿದ್ದಳು. ನನ್ನ ಕೆನ್ನೆಯನ್ನೇ ನೋಡುತ್ತಿದ್ದಳು. ಬೇರೆಯವರು ನೋಡಿದ ಹಾಗಲ್ಲ, ಬೆಲೆ ವಿಚಾರಿಸುವವರ ಹಾಗೆ.

ಮಾರ್ಚ್ ೪, ಮಂಗಳವಾರ

ವೈದ್ಯೆಯ ಹತ್ತಿರ ಹೋದೆವು. ಬುಗುಟನ್ನು ಹೆಬ್ಬೆರಳಿನಿಂದ ಒತ್ತಿ "ನೋವಾಗುತ್ತಾ?" ಎಂದರು. ಕಣ್ಣೀರು ಗಲ್ಲದ ತನಕ ಇಳಿಯಿತು. "ಪರವಾಗಿಲ್ಲ" ಎಂದೆ.

ಮೂಳೆಗೆ ಏನೂ ಆಗಿಲ್ಲವಂತೆ, ರಕ್ತ ಹೆಪ್ಪುಗಟ್ಟಿದೆಯಂತೆ, ತಾನಾಗಿಯೇ ಕರಗುತ್ತದಂತೆ. ಯಾರೂ ಒತ್ತಬಾರದಂತೆ. ಆಮೇಲೆ ಇವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿ, "ಮನೇಲಿ ಎಲ್ಲ ಸರಿ ಇದೆಯಾಮ್ಮ? ನನ್ನ ಹತ್ರ ಹೇಳಬಹುದು" ಎಂದರು.

ವೈದ್ಯರೆದುರು ಸುಳ್ಳು ಹೇಳಬಾರದೆಂದು ರಜಾಯಿಯ ಸಂಗತಿಯನ್ನು ಮೊದಲಿಂದ ಕೊನೆತನಕ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಬಹಳ ಕನಿಕರದಿಂದ ನೋಡಿದರು. "ಇಂಥದ್ದನ್ನ ಹೇಳಬೇಕಾದ್ರೆ ಎಷ್ಟು ಹೆದರಿಸಿರಬೇಕು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಸಹಾಯವಾಣಿಯ ನಂಬರು ಬರೆದುಕೊಟ್ಟರು.

ಹೊರಗೆ ಇವರು ಬೆಂಚಿನ ಮೇಲೆ ಬೆವರುತ್ತಾ ಕೂತಿದ್ದರು. ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಗುಲಾಬಿ ಬಿಡಿಸುವುದು ಇವರ ಕೆಲಸ. ಒಂದು ಎಸಳು ಸೊಟ್ಟಗಾದರೆ ಊಟ ಬಿಡುವ ಮನುಷ್ಯ. "ನನ್ನನ್ಯಾಕೆ ಹೊರಗೆ ಕಳಿಸಿದ್ರು?" ಎಂದು ಕೇಳಿದರು. "ಜಾಗ ಸಾಲದು ಅಂತ" ಎಂದೆ.

ಮಾರ್ಚ್ ೬, ಗುರುವಾರ

ಎಲ್ಲ ಎಡವಟ್ಟಾಯಿತು.

ಎದುರುಮನೆಯವರ ಕನ್ನಡಕ ತಲುಪಿಸಲು ನಮ್ಮ ಅಂಗಡಿಯ ಯಜಮಾನರು ಕಟ್ಟಡಕ್ಕೆ ಬಂದರಂತೆ. ಅಂಗಳದಲ್ಲಿ ಕಾರ್ಯದರ್ಶಿಯವರು "ನಮ್ಮ ಮೆಟ್ಟಿಲಲ್ಲಿ ಒಂದು ದೋಷವೂ ಇಲ್ಲ, ಆಕೆ ಹೇಗೆ ಬಿದ್ದರೋ" ಎಂದಾಗ ಯಜಮಾನರು "ಮೆಟ್ಟಿಲಲ್ಲ, ಬಾಗಿಲಂತೆ" ಎಂದರಂತೆ. ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಎದುರುಮನೆಯಾಕೆ ಬಾಯಿ ಹಾಕಿ, "ಅವರತ್ತೆ ನನಗೆ ಮಂಚ ಅಂದ್ರಲ್ಲ!" ಎಂದಳಂತೆ.

ಬಾಗಿಲು, ಮೆಟ್ಟಿಲು, ಮಂಚ. ಒಂದು ಬುಗುಟಿಗೆ ಮೂರು ಕಾರಣ ಸಿಕ್ಕ ಮೇಲೆ ಜನಕ್ಕೆ ನಾಲ್ಕನೆಯದು ಹೊಳೆಯದೇ ಇರುತ್ತದೆಯೇ?

ಸಂಜೆ ಇವರು ಮೆಟ್ಟಿಲು ಹತ್ತುವಾಗ ಎದುರುಮನೆಯಾತ ತನ್ನ ಹೆಂಡತಿಯನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದನಂತೆ. ಭಾನುವಾರ ತಾರಸಿಯ ಮೇಲೆ ಸಭೆ, ಇವರು ಬಂದು ಉತ್ತರ ಕೊಡಬೇಕು ಎಂದು ಕಾರ್ಯದರ್ಶಿಯವರು ಹೇಳಿ ಕಳಿಸಿದ್ದಾರೆ.

ಅತ್ತೆ ಕೂಗಾಡಿದರು. "ನನ್ನ ಮಗನಾ? ಮೊಟ್ಟೆ ಒಡೆಯೋವಾಗ್ಲೂ ಕಣ್ಣು ಮುಚ್ಕೊಳ್ತಾನೆ ಅವನು!"

ಮಾರ್ಚ್ ೭, ಶುಕ್ರವಾರ

ನೇರಳೆ ಬಣ್ಣ ಹೋಗಿ ಹಸಿರು ಬಂದಿದೆ. ಇವರು ಊಟ ಮಾಡಲಿಲ್ಲ.

ಮಾರ್ಚ್ ೯, ಭಾನುವಾರ

ತಾರಸಿಯ ಮೇಲೆ ಕುರ್ಚಿ ಹಾಕಿದ್ದರು. ಕಾರ್ಯದರ್ಶಿಯವರು ಬಿಳಿ ಅಂಗಿ ತೊಟ್ಟು ಮೇಜಿನ ಹಿಂದೆ ನಿಂತು ಸೊಗಸಾಗಿ ಮಾತಾಡಿದರು. ಹೆಣ್ಣಿನ ಮೇಲೆ ಕೈ ಮಾಡುವವನು ಗಂಡಸೇ ಅಲ್ಲ ಎಂದರು. ಎದುರುಮನೆಯಾತ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಮಾತು ಇಷ್ಟವಾಗಿ ನಾನೂ ತಟ್ಟಿದೆ. ಆಮೇಲೆ ನೆನಪಾಗಿ ನಿಲ್ಲಿಸಿದೆ.

ಇವರು ಎದ್ದು ನಿಂತು, "ನಾನು ತೋರಿಸಬಹುದಾ?" ಎಂದರು. ಕಂಕುಳಲ್ಲಿ ರಜಾಯಿಯೂ ಗವಸೂ ಇದ್ದವು. ಇವರು ಅವನ್ನು ತಂದದ್ದು ನನಗೇ ಗೊತ್ತಿರಲಿಲ್ಲ.

"ನೋಡಿ, ಅವಳು ಹೀಗೆ ಎರಡು ಮೂಲೆ ಹಿಡ್ಕೊಂಡು ಒಳಗೆ ಹೋದ್ಲು" ಎನ್ನುತ್ತಾ ಗವಸಿನೊಳಗೆ ನುಗ್ಗಿದರು. ಹೂಹೂವಿನ ಚೀಲವೊಂದು ಅತ್ತಿತ್ತ ನಡೆದಾಡುತ್ತಾ ವಿವರಣೆ ಕೊಡತೊಡಗಿತು. "ಇದು ಎಡಮೂಲೆ. ಈಗ ಬಲಮೂಲೆ. ಬಲಮೂಲೆ... ಒಂದು ನಿಮಿಷ." ಚೀಲ ತಿರುಗಿತು. ಮತ್ತೆ ತಿರುಗಿತು. "ಇವಳೇ, ನಾನು ಯಾವ ಕಡೆ ಮುಖ ಮಾಡಿದೀನಿ?" ನಾನು ಹೇಳುವಷ್ಟರಲ್ಲಿ ಮುಗ್ಗರಿಸಿ ಮೇಜಿನ ಅಂಚಿಗೆ ಹಣೆ ಬಡಿಸಿಕೊಂಡರು.

ಬಿಚ್ಚಿ ತೆಗೆದಾಗ ಹಣೆಯ ಮೇಲೆ ನನ್ನದಕ್ಕಿಂತ ದೊಡ್ಡ ಬುಗುಟು.

ಆಗ ಮೇಲ್ಮನೆಯಾಕೆ, ಕಾರ್ಯದರ್ಶಿಯವರ ಹೆಂಡತಿ, ನಕ್ಕಳು. ತಡೆಯಲಾಗದೆ ಹೊರಬಿದ್ದ ಒಂದೇ ಒಂದು ನಗು. ಕಾರ್ಯದರ್ಶಿಯವರು ಅವಳ ಕಡೆ ತಿರುಗಿದರು, ಅಷ್ಟೇ. ಸ್ವಿಚ್ಚು ಆರಿಸಿದ ಹಾಗೆ ನಗು ನಿಂತಿತು. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು, ಎಷ್ಟು ಹೊತ್ತಾದರೂ ಒರೆಸುತ್ತಲೇ ಇದ್ದಳು.

ಸಭೆಗೆ ನಂಬಿಕೆ ಬಂತೇ ಎಂದರೆ, ಇಲ್ಲ. ಮೆಟ್ಟಿಲಿಳಿಯುವಾಗ ಎದುರುಮನೆಯಾತ ಪಿಸುಗುಟ್ಟಿದ್ದು ಕೇಳಿಸಿತು. "ನೋಡಿದ್ಯಾ, ಎಲ್ಲರ ಮುಂದೇನೇ ಕಾಲು ಕೊಟ್ಟು ಬೀಳಿಸಿಬಿಟ್ಲು."

ಮಾರ್ಚ್ ೧೧, ಮಂಗಳವಾರ

ಅಂಗಡಿಯಲ್ಲಿ ಯಜಮಾನರು ನನ್ನೊಡನೆ ಸಭೆಯ ಮರುದಿನದಿಂದ ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ, ಮೇಜಿನ ಆಚೆ ಬದಿಯಿಂದ. ಬೆಳಿಗ್ಗೆ ಒಬ್ಬ ಗಿರಾಕಿ ಕೆಂಪು ಚೌಕಟ್ಟು ಹಾಕಿಕೊಂಡು ಹೇಗಿದೆ ಎಂದಾಗ "ಚೆನ್ನಾಗಿಲ್ಲ" ಎಂದೆ. ಅವನು ತಕ್ಷಣ ಕಪ್ಪು ಚೌಕಟ್ಟನ್ನು ತೆಗೆದುಕೊಂಡ. ಬೇಗ ಮುಗಿಯಿತು.

ಮಧ್ಯಾಹ್ನ ಮೇಲ್ಮನೆಯಾಕೆ ಬಂದಳು. ಗೋಡೆ ಹಿಡಿದು, ಬಾಗಿಲ ಚೌಕಟ್ಟು ಸವರಿ, ಕುರ್ಚಿ ಯಾವುದು ಗಿಡದ ಕುಂಡ ಯಾವುದು ತಿಳಿಯದೆ ನಿಂತಳು. ಕರವಸ್ತ್ರದ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು. ಕನ್ನಡಕದ ಚೂರುಗಳು.

"ಬಿತ್ತು" ಎಂದಳು.

"ಎಲ್ಲಿ?"

"ಮೆಟ್ಟಿಲಲ್ಲಿ. ಅಲ್ಲ, ಬಾಗಿಲಿಗೆ..." ಎಂದು ತಡೆದಳು. ಆಮೇಲೆ, "ನೀವೂ ಹೀಗೇ ಹೇಳಿದ್ರಲ್ಲ" ಎಂದಳು.

ಭಾನುವಾರ ಮನೆಗೆ ಹೋದ ಮೇಲೆ ಕಾರ್ಯದರ್ಶಿ ಅವಳ ಕನ್ನಡಕ ತೆಗೆದು ನೆಲದ ಮೇಲಿಟ್ಟು ಚಪ್ಪಲಿ ಕಾಲಿನಿಂದ ತುಳಿದನಂತೆ. ನಕ್ಕಿದ್ದಕ್ಕೆ. ಅದಿಲ್ಲದೆ ಅವಳಿಗೆ ಚಾಚಿದ ಕೈ ಕಾಣುವುದಿಲ್ಲ. "ಕನ್ನಡಕ ಇಲ್ಲದಿದ್ರೆ ನಾನು ಹೊರಗೆ ಹೋಗಲ್ಲ ಅಂತ ಅವರಿಗೆ ಗೊತ್ತು. ಇವತ್ತು ಮೆಟ್ಟಿಲನ್ನ ಕೂತ್ಕೊಂಡೇ ಇಳಿದೆ." ಕುಪ್ಪಸದ ತೋಳನ್ನು ತುಸು ಮೇಲೆ ಸರಿಸಿದಳು. ನನ್ನ ಕೆನ್ನೆಯಲ್ಲಿ ಬಂದುಹೋದ ಬಣ್ಣಗಳೆಲ್ಲ ಅಲ್ಲಿ ಒಟ್ಟಿಗೇ ಇದ್ದವು.

"ಮುಖಕ್ಕೆ ಮಾತ್ರ ಹೊಡೆಯಲ್ಲ ಅವರು" ಎಂದಳು, ಒಳ್ಳೆಯ ಗುಣವೊಂದನ್ನು ಮರೆಯದೆ ಹೇಳುವವಳಂತೆ.

ಅವಳು ಮೇಜಿನ ಮೇಲೆ ಬಗ್ಗಿ, ನನ್ನ ಮುಖ ಎಲ್ಲಿದೆಯೆಂದು ಅಂದಾಜು ಮಾಡಿ, ಕೇಳಿದಳು. "ನೀವು ಏನು ಮಾಡಿದ್ರಿ? ನಿಮ್ಮೆಜಮಾನ್ರು ಹೊಡೆದ್ಮೇಲೆ, ಎಲ್ಲರೆದುರು ಅವರನ್ನ ಕೆಡವಿದ್ರಲ್ಲ, ಧೈರ್ಯ ಎಲ್ಲಿಂದ ಬಂತು? ಹೇಳಿ. ನಿಮಗೂ ಹೊಡೀತಾರೆ ತಾನೇ?"

ರಜಾಯಿ ಎನ್ನಬೇಕಿತ್ತು. ರಜಾಯಿ ಎಂದರೆ ಅವಳು ಕರವಸ್ತ್ರ ಕಟ್ಟಿಕೊಂಡು ಎದ್ದು ಹೋಗುತ್ತಿದ್ದಳು.

"ಹೌದು" ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಪಕ್ಕದ ಊರಿನಲ್ಲಿ ಅಕ್ಕ ಇದ್ದಾಳಂತೆ, ಬಾ ಬಾ ಎಂದು ಕರೆದು ಕರೆದು ಸಾಕಾಗಿದ್ದಾಳಂತೆ. ಒಡೆದ ಗಾಜಿನ ದೊಡ್ಡ ಚೂರನ್ನು ಯಂತ್ರಕ್ಕಿಟ್ಟು ಪವರಿನ ನಂಬರು ತೆಗೆದುಕೊಂಡೆ. ಯಜಮಾನರಿಗೆ "ಇದು ಶನಿವಾರದೊಳಗೆ ಆಗ್ಬೇಕು" ಎಂದೆ. "ಆಗಲಿ ಅಮ್ಮ, ಆಗಲಿ" ಎಂದರು. ಅವರಿಗೂ ಈಚೆಗೆ ಏನೋ ಆಗಿದೆ.

ಮಾರ್ಚ್ ೧೨, ಬುಧವಾರ

ಇವರಿಗೆ ಹೇಳಲೇಬೇಕಿತ್ತು. ಗುಲಾಬಿ ಅಭ್ಯಾಸ ಮಾಡುತ್ತಾ ಕೂತಿದ್ದರು. "ನೀವು ನನಗೆ ಹೊಡೀತೀರಿ ಅಂತ ಮೇಲ್ಮನೆಯಾಕೆಗೆ ಹೇಳಿದೀನಿ" ಎಂದೆ. ಏಕೆಂದೂ ಹೇಳಿದೆ.

ಕ್ರೀಮು ಒತ್ತುತ್ತಲೇ ಇದ್ದರು. ಅರಳುತ್ತಿದ್ದ ಗುಲಾಬಿ ಎಲೆಕೋಸಿನಷ್ಟಾಯಿತು.

"ಎಷ್ಟು ಸಲ ಹೊಡೆದೆ ಅಂತ ಹೇಳಿದೀಯ?"

"ಅದನ್ನೇನೂ ಹೇಳಿಲ್ಲ. ಯಾಕೆ?"

"ಯಾರಾದ್ರೂ ಕೇಳಿದ್ರೆ ಇಬ್ರೂ ಒಂದೇ ಹೇಳ್ಬೇಕಲ್ಲ. ಹೋದ ಸಲ ಮೂರು ಥರ ಹೇಳಿ ಏನಾಯ್ತು ನೋಡಿದ್ಯಲ್ಲ."

ಅತ್ತೆ ಮಾತ್ರ ಕಿಡಿಕಿಡಿಯಾದರು. ಮಗನ ಮಾನ ಬೀದಿಪಾಲು ಮಾಡಿದೆ, ನಿನ್ನ ಬುಗುಟು ನಿನ್ನ ಬುದ್ಧಿಗೂ ಏರಿದೆ ಎಂದರು. ಆಮೇಲೆ ಕೋಣೆಗೆ ಹೋಗಿ ಮಲಗಿದರು. ಸ್ವಲ್ಪ ಹೊತ್ತಿಗೆ ಎದ್ದು ಬಂದು, "ಆ ಹುಡುಗಿಯ ಅಕ್ಕನ ಊರಿಗೆ ಕೊನೇ ಬಸ್ಸು ಎಷ್ಟೊತ್ತಿಗೆ?" ಎಂದರು.

ಮಾರ್ಚ್ ೧೫, ಶನಿವಾರ

ಎಲ್ಲ ಮುಗಿಸಿ ಈಗಷ್ಟೇ ಬರೆಯಲು ಕೂತೆ.

ಕಾರ್ಯದರ್ಶಿ ಶನಿವಾರ ಸಂಜೆ ಮನೆ ಬಿಟ್ಟು ಕದಲುವುದಿಲ್ಲ. ಅವನನ್ನು ಹೊರಗೆ ತರುವ ಉಪಾಯ ಹೊಳೆದದ್ದು ಇವರಿಗೇ. ಮೇಲೆ ಹೋಗಿ, ಬಾಗಿಲಲ್ಲಿ ಕೈ ಮುಗಿದು ನಿಂತು, "ಸಾರ್, ನಾನು ತಪ್ಪೊಪ್ಪಿಕೊಳ್ಬೇಕು. ತಾರಸಿಗೆ ಬರ್ತೀರಾ?" ಎಂದರಂತೆ. ಅವನ ಮುಖ ಅರಳಿತಂತೆ. ಹೆಗಲ ಮೇಲೆ ಕೈ ಹಾಕಿ ಕರೆದುಕೊಂಡು ಹೋದನಂತೆ.

ಅವರಿಬ್ಬರ ಹೆಜ್ಜೆಸದ್ದು ತಾರಸಿ ತಲುಪುತ್ತಲೇ ನಾನೂ ಅತ್ತೆಯೂ ಮೇಲೆ ಹೋದೆವು. ಮೊದಲೇ ಹೇಳಿಟ್ಟಿದ್ದ ಹಾಗೆ ಅವಳು ಬಾಗಿಲ ಹಿಂದೆಯೇ ನಿಂತಿದ್ದಳು. ಹೊಸ ಕನ್ನಡಕ ತೊಡಿಸಿದೆ. ಬಲಗಡೆ ಕಡ್ಡಿ ತುಸು ಸಡಿಲವಿತ್ತು. ಅಂಥ ಹೊತ್ತಿನಲ್ಲೂ ಕೈಬಿಡಲಾಗದೆ ಅದನ್ನು ಬಗ್ಗಿಸುತ್ತಾ ನಿಂತೆ. ಅತ್ತೆ ಬೆನ್ನಿಗೊಂದು ಗುದ್ದಿದರು. ಮೇಲ್ಮನೆಯಾಕೆ ನನ್ನ ಮುಖ ನೋಡಿ, "ಅಯ್ಯೋ, ನಿಮ್ಮದು ಎಷ್ಟು ಇಳಿದಿದೆ!" ಎಂದಳು.

ನೇರ ಮೆಟ್ಟಿಲಿಳಿದು ಹೋದೆವು. ಎದುರುಮನೆಯಾಕೆ ಬಾಗಿಲು ತೆರೆದಳು, ಚೀಲ ನೋಡಿದಳು, ಮೂವರನ್ನೂ ನೋಡಿದಳು, ಸದ್ದಾಗದಂತೆ ಬಾಗಿಲು ಹಾಕಿಕೊಂಡಳು.

ಬಸ್ಸಿನಲ್ಲಿ ಅವಳ ಪಕ್ಕ ಅತ್ತೆಯೂ ಹತ್ತಿ ಕೂತುಬಿಟ್ಟರು. "ಅಕ್ಕನ ಕೈಗೆ ಒಪ್ಪಿಸಿ ನಾಳೆ ಬರ್ತೀನಿ. ಅವನಿಗೆ ಹಾಲು ಕಾಯಿಸಿ ಕೊಡು" ಎಂದರು. ಮೇಲ್ಮನೆಯಾಕೆ ಕಿಟಕಿಯಿಂದ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದಳು.

ನಾನು ಮನೆಗೆ ಬಂದಾಗ ಇವರು ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಹೆಂಡತಿಯನ್ನು ಹೇಗೆ ಗೌರವಿಸಬೇಕು ಎಂದು ಕಾರ್ಯದರ್ಶಿ ಕತ್ತಲಾಗುವ ತನಕ ಉಪದೇಶ ಮಾಡಿದನಂತೆ. ಇವರು ತಲೆ ತಗ್ಗಿಸಿ ಕೇಳಿದರಂತೆ, ನಡುನಡುವೆ ಕಣ್ಣೊರೆಸಿಕೊಂಡರಂತೆ. ಎದ್ದು ಬರುವಾಗ ಅವನು ಕಿವಿಯ ಹತ್ತಿರ ಬಗ್ಗಿ, ಬಹಳ ಆತ್ಮೀಯತೆಯಿಂದ ಹೇಳಿದನಂತೆ:

"ಏನೇ ಆದ್ರೂ ಮುಖಕ್ಕೆ ಮಾತ್ರ ಬೇಡಪ್ಪ. ನಾಲ್ಕು ಜನ ನೋಡ್ತಾರೆ."

ಇವರು ಎರಡು ಸಲ ಕೈ ತೊಳೆದುಕೊಂಡು ಬಂದು ಮತ್ತೆ ನೆಲದ ಮೇಲೆ ಕೂತರು. ಹಾಲು ಕಾಯಿಸಿ ಕೊಟ್ಟೆ.

ಮಾರ್ಚ್ ೧೬, ಭಾನುವಾರ

ಬೆಳಿಗ್ಗೆ ಕಾರ್ಯದರ್ಶಿ ಬಂದು ಬಾಗಿಲು ಬಡಿದ. ಒಲೆಯ ಮೇಲೆ ಚಹಾ ಇತ್ತು. ಇವರು ತೆರೆಯಲು ಎದ್ದರು, ನಾನು ಹತ್ತಿರವಿದ್ದೆ, ತೆರೆದೆ.

"ಎಲ್ಲಿ ಅವಳು?"

"ಕ್ಷೇಮವಾಗಿದ್ದಾಳೆ."

"ಎಲ್ಲಿ ಅಂತ ಕೇಳಿದೆ! ನಿಮ್ಮ ಮನೆ ಹೊಲಸನ್ನ ನಮ್ಮನೆಗೆ ಹಚ್ತೀರಾ? ಗಂಡನ ಕೈಯಲ್ಲಿ ಏಟು ತಿಂದಿರೋ ಮುಖ ಇಟ್ಕೊಂಡು ನನಗೆ ಹೇಳೋಕೆ ಬರ್ತೀಯಾ?"

ಅಷ್ಟು ಹೊತ್ತಿಗೆ ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು. ಮೆಟ್ಟಿಲ ಮೇಲೆ ಕೆಳಗೆ ಜನ.

"ನನ್ನದು ಮುಖದಲ್ಲಿದೆ, ಎಲ್ಲರಿಗೂ ಕಾಣಿಸ್ತು" ಎಂದೆ. "ಅವಳಿಗೆ ಮುಖ ಒಂದು ಬಿಟ್ಟು ಎಲ್ಲ ಕಡೆ ಇದೆ. ಕನ್ನಡಕ ತುಳಿದ ಚಪ್ಪಲೀನೇ ಹಾಕ್ಕೊಂಡು ಬಂದಿದೀರಾ? ಸಭೆ ಕರೀರಿ. ತಾರಸಿಗೆ ನಾನೇ ಕುರ್ಚಿ ಹಾಕ್ತೀನಿ. ಮುಖಕ್ಕೆ ಬೇಡ ಅಂತ ನಿನ್ನೆ ಇವರಿಗೆ ಕೊಟ್ರಲ್ಲ ಬುದ್ಧಿ, ಅದನ್ನೇ ಎಲ್ಲರಿಗೂ ಹೇಳಿ."

ಅವನು ಕೈ ಎತ್ತಿದ. ನಾನು ನಿಂತೇ ಇದ್ದೆ. ಮೆಟ್ಟಿಲ ಮೇಲಿದ್ದವರಲ್ಲಿ ಯಾರೋ "ಸಾರ್" ಎಂದರು, ಜೋರಾಗೇನಲ್ಲ. ಅವನು ತನ್ನ ಕೈಯನ್ನೇ ನೋಡಿದ, ಅದರಿಂದ ಕೂದಲು ಸವರಿಕೊಂಡ, ಮೇಲೆ ಹೋದ.

ಈ ಗದ್ದಲದಲ್ಲಿ ಚಹಾ ಉಕ್ಕಿ ಒಲೆಯೆಲ್ಲ ಹಾಳಾಯಿತು. ಉಜ್ಜುವುದರಲ್ಲೇ ಬೆಳಗು ಕಳೆಯಿತು.

ಮಾರ್ಚ್ ೨೨, ಶನಿವಾರ

ವೈದ್ಯೆ ಬರೆದುಕೊಟ್ಟಿದ್ದ ನಂಬರನ್ನು ಮೇಲ್ಮನೆಯಾಕೆಗೆ ಕೊಟ್ಟಿದ್ದೆ. ಸಹಾಯವಾಣಿಯವರು ಅಕ್ಕನ ಮನೆಗೇ ಬಂದು ಮಾತಾಡಿಸಿದರಂತೆ, ದೂರು ಬರೆಸಿಕೊಂಡರಂತೆ. ಪೊಲೀಸರು ಇಲ್ಲಿಗೂ ಒಂದು ಸಲ ಬಂದು ಹೋದರು. ಅವನು ಪದವಿ ಬಿಟ್ಟ, ಸಂಘಕ್ಕೆ ಸದ್ಯಕ್ಕೆ ಕಾರ್ಯದರ್ಶಿ ಇಲ್ಲ. ಮೆಟ್ಟಿಲ ದೀಪ ಕೆಟ್ಟಿದೆ, ಯಾರನ್ನು ಕೇಳಬೇಕೋ ಯಾರಿಗೂ ತಿಳಿಯದು.

ನನ್ನ ಗಂಡ ಮಾತ್ರ ಜನರ ಬಾಯಲ್ಲಿ ಈಗಲೂ ಹೆಂಡತಿಗೆ ಹೊಡೆದು ತಿದ್ದಿಕೊಂಡವರು. ಅದನ್ನು ಅಳಿಸುವ ದಾರಿ ಕಾಣುತ್ತಿಲ್ಲ.

ಮಾರ್ಚ್ ೩೦, ಭಾನುವಾರ

ಕನ್ನಡಕ ಸಲೀಸಾಗಿ ಕೂತಿತು. ಒತ್ತಿದರೂ ನೋವಿಲ್ಲ. ಒತ್ತಬಾರದು ಎಂದಿದ್ದರು, ಆದರೂ ಒತ್ತಿದೆ.

ಸಂಜೆ ಎದುರುಮನೆಯಾತ ಬಂದ. ಒಳಗೆ ಬಾ ಎಂದರೂ ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದ. ಕೊನೆಗೆ ಬಂದು ಇವರೆದುರು ಕೂತು, ಸ್ವರ ತಗ್ಗಿಸಿ ಕೇಳಿದ.

"ನೀವು ಹೇಗೆ ಬಿಟ್ರಿ?"

"ಏನನ್ನ?"

"ಅದೇ... ಕೈ ಮಾಡೋದನ್ನ."

ಇವರು ತಬ್ಬಿಬ್ಬಾಗಿ ನನ್ನನ್ನು ನೋಡಿದರು. ಮೇಲ್ಮನೆಯಾಕೆ ಹೇಗೂ ದಡ ಸೇರಿದ್ದಾಳೆ, ಇನ್ನು ಸತ್ಯ ಹೇಳಬಹುದು ಎಂದುಕೊಂಡರೋ ಏನೋ. "ನೋಡಿಪ್ಪ, ನಿಜ ಹೇಳ್ಬೇಕಂದ್ರೆ ನಾನು ಯಾವತ್ತೂ ಹೊಡೆದೇ ಇಲ್ಲ" ಎಂದರು.

"ಅದನ್ನೇ ಕೇಳ್ತಿರೋದು" ಎಂದ ಅವನು. "ಸಿಟ್ಟು ಬಂದಾಗ ಹೊಡೀದೇ ಇರೋದು ಹೇಗೆ?"

ಇವರು ಯೋಚಿಸಿದರು. ಇವರು ಅಷ್ಟು ಕಷ್ಟಪಟ್ಟು ಯೋಚಿಸಿದ್ದನ್ನು ನಾನು ನೋಡಿಯೇ ಇಲ್ಲ. ಅವನೂ ಕಾದ.

ಬಾಗಿಲಾಚೆ ಅವನ ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು, ಮೊಣಕಾಲು ತಬ್ಬಿಕೊಂಡು. ಅವನನ್ನು ಕರೆತಂದವಳು ಅವಳೇ ಇರಬೇಕು. ಅವರ ಮನೆಯಲ್ಲೂ ಹೊಡೆತ ಇದೆ ಎಂದು ಇಷ್ಟು ದಿನ ನನಗೆ ತಿಳಿಯಲೇ ಇಲ್ಲ. ಹೋಗಿ ಅವಳ ಪಕ್ಕ ಕೂತೆ. ಮೇಲಿನ ಮನೆಯಲ್ಲಿ ಯಾವುದೋ ಬಾಗಿಲು ಧಡಾರನೆ ಬಡಿಯಿತು, ಅವಳು ಬೆಚ್ಚಿ ಮೊದಲು ಒಳಗಿದ್ದ ಗಂಡನ ಕಡೆ, ಆಮೇಲೆ ಅಲುಗದೆ ಕೂತಿದ್ದ ನನ್ನ ಕಡೆ ನೋಡಿದಳು.

"ನಿಮಗೆ ಭಯ ಆಗಲ್ವಾ?" ಎಂದಳು.

"ಯಾವುದಕ್ಕೆ?" ಎಂದೆ.

ಅವಳು ನನ್ನನ್ನೇ ನೋಡುತ್ತಾ ಕೂತಳು. ಅವಳು ಕೇಳಿದ್ದೇನೆಂದು ನನಗೆ ಆಗಲೂ ಸರಿಯಾಗಿ ತಿಳಿಯಲಿಲ್ಲ, ಬರೆಯುತ್ತಿರುವ ಈಗಲೂ ತಿಳಿಯುತ್ತಿಲ್ಲ.